ನಲವತ್ತೊಂದನೆಯ ಪುಟದ ಮಾತು

ನನ್ನ ಕೆಲಸ ಸರಿಯಾಗಿ ನಡೆದರೆ ನಾನೊಬ್ಬಳು ಅಲ್ಲಿದ್ದೇನೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ. ರಂಗದ ಎಡಪಕ್ಕದ ಪರದೆಯ ಹಿಂದೆ ಮೂರು ಕಾಲಿನ ಸ್ಟೂಲು, ತೊಡೆಯ ಮೇಲೆ ಪುಸ್ತಕ, ಪುಸ್ತಕಕ್ಕೆ ಸಿಕ್ಕಿಸಿದ ಬೆರಳುದ್ದದ ಟಾರ್ಚು. ನಟರು ಮಾತು ಮರೆತು ನಿಂತಾಗ ಮುಂದಿನ ಎರಡು ಪದವನ್ನು ಪಿಸುಗುಟ್ಟುವುದು ನನ್ನ ಕಸುಬು. ಪ್ರಾಂಪ್ಟರ್ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಅದೇ ಸ್ಟೂಲು. ಕರಪತ್ರದಲ್ಲಿ ನನ್ನ ಹೆಸರು ಕುರ್ಚಿ ಬಾಡಿಗೆಗೆ ಕೊಟ್ಟವರ ಹೆಸರಿನ ಕೆಳಗೆ ಬರುತ್ತದೆ, ಅದೂ ಜಾಗ ಉಳಿದಿದ್ದರೆ.

ಈ ಕಸುಬಿನಲ್ಲಿ ಎರಡು ಪಾಪಗಳಿವೆ. ನಟ ಮರೆತು ನಿಂತಾಗ ಮಾತು ಕೊಡದೇ ಇರುವುದು ಚಿಕ್ಕ ಪಾಪ. ಅವನು ಬೇಕೆಂದೇ ಸುಮ್ಮನಿದ್ದಾಗ, ಆ ಮೌನವೇ ನಟನೆಯಾಗಿದ್ದಾಗ, ನಡುವೆ ಬಾಯಿ ಹಾಕುವುದು ದೊಡ್ಡ ಪಾಪ. ಎರಡೂ ಮೌನಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅದಕ್ಕೇ ಪ್ರತಿಯೊಬ್ಬರದೂ ಒಂದೊಂದು ಗುರುತನ್ನು ನಾನು ಹಿಡಿದಿಟ್ಟುಕೊಂಡಿರುತ್ತೇನೆ. ಒಬ್ಬ ಮರೆತರೆ ಮೂಗು ಉಜ್ಜುತ್ತಾನೆ, ಇನ್ನೊಬ್ಬನ ಕಿವಿ ಕೆಂಪಾಗುತ್ತದೆ. ನನ್ನ ಅಕ್ಕನ ಗುರುತು ಅವಳ ಎಡಗೈಯಲ್ಲಿತ್ತು. ಹೆಬ್ಬೆರಳು ಹೋಗಿ ಉಂಗುರವನ್ನು ತಿರುಗಿಸಿದರೆ ಮಾತು ಕೈಬಿಟ್ಟಿದೆ ಎಂದರ್ಥ. ಬೆರಳು ಸುಮ್ಮನಿದ್ದರೆ ಆ ಮೌನ ಅವಳದೇ. ನಾನು ಉಸಿರೆತ್ತುತ್ತಿರಲಿಲ್ಲ.

ಅಕ್ಕನಿಗೆ ಅರವತ್ತಮೂರು, ನನಗೆ ಐವತ್ತೆಂಟು. ನಮ್ಮ ತಂಡದ ದೊಡ್ಡ ನಟಿ ಅವಳು. ಅವಳು ರಂಗಕ್ಕೆ ಬಂದರೆ ಕೆಮ್ಮುವವರೂ ಕೆಮ್ಮನ್ನು ನುಂಗಿಕೊಳ್ಳುತ್ತಾರೆ. ಭಾವ ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಅವಳ ಒಬ್ಬಳೇ ಮಗಳು, ನಾವು ಪುಟ್ಟಿ ಎನ್ನುವವಳು, ಎರಡು ಬೀದಿ ಆಚೆ ಗಂಡ, ಮಗನ ಜೊತೆ ಇದ್ದಾಳೆ. ಅವಳೂ ನಟಿ. ಮೂವತ್ತಾರು ವರ್ಷದವಳನ್ನು ಇನ್ನೂ ಪುಟ್ಟಿ ಎನ್ನುತ್ತೀರಲ್ಲ ಎಂದು ಜನ ನಗುತ್ತಾರೆ, ನಗಲಿ.

ಎರಡು ತಿಂಗಳ ಹಿಂದೆ ಅಕ್ಕನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಒಲೆಯ ಮೇಲೆ ಹಾಲಿಟ್ಟು ಮರೆಯುವುದು ಎಲ್ಲರ ಮನೆಯಲ್ಲೂ ಇದೆ. ಹಾಲು ಉಕ್ಕಿ ಚೆಲ್ಲಿದಾಗ ಇದು ಯಾರ ಮನೆ ಎಂದು ಕೇಳುವುದು ಎಲ್ಲರ ಮನೆಯಲ್ಲೂ ಇಲ್ಲ. ಡಾಕ್ಟರ್ ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳುತ್ತೇನೆ ಎಂದರು. ಅಕ್ಕ ಆ ಮೂರು ಪದವನ್ನೂ ಎಂಥ ಭಾವ ತುಂಬಿ ಹೇಳಿದಳೆಂದರೆ ಡಾಕ್ಟರ್ ಪೆನ್ನು ಕೆಳಗಿಟ್ಟರು. ಐದು ನಿಮಿಷ ಬಿಟ್ಟು ಕೇಳಿದಾಗ ಒಂದೂ ಇರಲಿಲ್ಲ.

ವಾಪಸು ಬರುವಾಗ ಬಸ್‌ಸ್ಟಾಪಿನ ಸಿಮೆಂಟ್ ಬೆಂಚಿನ ಮೇಲೆ ಕೂತು ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಯಾರಿಗೂ ಗೊತ್ತಾಗ್ಬಾರ್ದು ಕಣೇ."

"ಪುಟ್ಟಿಗೂ?"

"ಅವಳಿಗಂತೂ ಬೇಡವೇ ಬೇಡ. ಈಗ ಒಪ್ಪಿಕೊಂಡಿರೋ ನಾಟಕ ನಾಲ್ಕು ಪ್ರದರ್ಶನ. ಅದೊಂದು ಮುಗೀಲಿ. ಆಮೇಲೆ ಅವಳನ್ನ ಎದುರಿಗೆ ಕೂರಿಸ್ಕೊಂಡು ನನ್ನ ಬಾಯಿಂದ ನಾನೇ ಹೇಳ್ತೀನಿ. ಅದರಲ್ಲಿ ಅವಳೇ ನನ್ನ ಮಗಳ ಪಾರ್ಟು ಮಾಡ್ತಿರೋದು. ಜನರ ಎದುರಿಗೆ, ಲೈಟಿನ ಕೆಳಗೆ ನಿಂತು ಅವಳು ಇದನ್ನ ಕಂಡುಹಿಡೀಬಾರ್ದು. ಅಷ್ಟು ಮಾಡು. ನಿನ್ನ ಕಾಲಿಗೆ ಬೀಳ್ತೀನಿ."

"ಬೀಳ್ಬೇಡ. ಎತ್ತೋಕೆ ನನ್ನ ಸೊಂಟ ಸರಿಯಿಲ್ಲ," ಎಂದೆ. ಒಪ್ಪಿಕೊಂಡೆ ಎಂದು ಹೇಳುವ ನನ್ನ ರೀತಿ ಅದು. ಅವಳಿಗೂ ಗೊತ್ತು.

ಇನ್ನು ಆ ಪುಸ್ತಕದ ವಿಷಯ. ನಿರ್ದೇಶಕ ಆರಿಸಿದ ನಾಟಕದ ಪುಸ್ತಕ ಈಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅವನಿಗೆ ನಾವು ಇಟ್ಟ ಹೆಸರು ಸ್ಟಾಪ್‌ವಾಚು, ಏಕೆಂದರೆ ಯಾವಾಗಲೂ ಒಂದನ್ನು ಕುತ್ತಿಗೆಗೆ ನೇತುಹಾಕಿಕೊಂಡಿರುತ್ತಾನೆ. "ಅಮ್ಮ, ನೀವೇ ಹುಡುಕಿಕೊಡಿ," ಎಂದ. ನಾನು ಮೂರು ದಿನ ಅಲೆದು, ಒಂದು ಹಳೇ ಪುಸ್ತಕದ ಅಂಗಡಿಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅದನ್ನು ಹಿಡಿದೆ. ಹಳೆಯ ಮತ್ತು ಹೊಸ ನಾಟಕಗಳ ಒಂದು ದಪ್ಪ ಸಂಕಲನ. ಆರುನೂರು ಪುಟ, ಬೆನ್ನಿಗೆ ಬಟ್ಟೆಯ ಟೇಪು, ಮೊದಲ ಹಾಳೆಯಲ್ಲಿದ್ದ ಒಡೆಯರ ಹೆಸರನ್ನು ಬ್ಲೇಡಿನಿಂದ ಕೆರೆದಿದ್ದರು. ಒಟ್ಟು ಒಂಬತ್ತು ನಾಟಕ. ಕೊನೆಯದು ನಮಗೆ ಬೇಕಾದದ್ದು: ಒಂದು ಅಡುಗೆಮನೆ, ಒಬ್ಬ ತಾಯಿ, ಒಬ್ಬ ಮಗಳು, ಹಿಂದೊಂದು ಬಾಗಿಲು. ಅಂಗಡಿಯವನಿಗೆ ಧೂಳು ಒರೆಸಿಕೊಡಲು ಹೇಳಿ ಮೊದಲ ನಾಟಕ ಯಾವುದೆಂದು ನೋಡಿದೆ. ಪುಸ್ತಕ ಫಟ್ಟನೆ ಮುಚ್ಚಿದೆ.

ಅದು ರಾಣಿಯ ನಾಟಕ. ಯುದ್ಧಕ್ಕೆ ಹೋದ ಗಂಡನಿಗಾಗಿ ಹನ್ನೆರಡು ವರ್ಷ ಬಾಗಿಲು ತೆರೆದಿಟ್ಟು ಕಾದ ರಾಣಿಯ ಕಥೆ. ಮೂವತ್ತೊಂಬತ್ತು ವರ್ಷದ ಹಿಂದೆ ಅಕ್ಕ ಅದರಲ್ಲಿ ರಾಣಿಯಾಗಿ ಹೆಸರು ಮಾಡಿದಳು. ನಾನು ಸಖಿ. ಇಡೀ ನಾಟಕದಲ್ಲಿ ನನಗಿದ್ದದ್ದು ಒಂದೇ ಒಂದು ಮಾತು. ರಾಣಿ ಎರಡು ಪುಟದ ಮಾತು ಮುಗಿಸಿ ನಿಂತಾಗ ನಾನು ಬಂದು ಹೇಳಬೇಕು: "ಮಹಾರಾಣಿ, ಕಾದದ್ದು ಸಾಕು. ಗಾಳಿ ಬೀಸುತ್ತಿದೆ, ಬಾಗಿಲು ಮುಚ್ಚಲೇ?" ಬಂದೆ, ನಿಂತೆ, ಬಾಯಿ ತೆರೆದೆ. ಒಂದಕ್ಷರ ಹೊರಡಲಿಲ್ಲ. ಕೊನೆಗೆ ಅಕ್ಕನೇ, "ನೀನು ಏನು ಹೇಳಬಂದೆಯೆಂದು ಬಲ್ಲೆ, ಹೋಗು, ಬಾಗಿಲು ಮುಚ್ಚು," ಎಂದು ಕಟ್ಟಿ ಹೇಳಿ ನನ್ನನ್ನು ದಾಟಿಸಿದಳು. ಅಂದಿನಿಂದ ನಾನು ಬೆಳಕಿಗೆ ಬಂದಿಲ್ಲ.

ಅದನ್ನಾದರೂ ಮರೆಯಬಹುದಿತ್ತು, ಅಕ್ಕ ಮರೆಯಲು ಬಿಡಲಿಲ್ಲ. ಮನೆಗೆ ಯಾರೇ ಬರಲಿ, ಟೀ ಕಪ್ಪು ಕೈಗೆ ಬರುವಷ್ಟರಲ್ಲಿ ಶುರು: "ನನ್ನ ತಂಗಿಗೆ ಒಂದೇ ಒಂದು ಮಾತಿತ್ತು, ಅದನ್ನೂ ನನ್ನ ತಲೆಗೇ ಕಟ್ಟಿದ್ಳು!" ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಮೂವತ್ತೊಂಬತ್ತು ವರ್ಷ ನಕ್ಕಿದ್ದೇನೆ. ಒಳಗೊಳಗೆ ಕುದಿದಿದ್ದೇನೆ ಎಂಬುದನ್ನು ಈಗ ಹೇಳುವುದರಲ್ಲಿ ನಾಚಿಕೆಯೇನಿಲ್ಲ.

ನನ್ನ ಮಾತು ಆ ಸಂಕಲನದ ನಲವತ್ತೊಂದನೆಯ ಪುಟದಲ್ಲಿತ್ತು. ಹಿಂದಿನ ಒಡೆಯರು ಯಾರೋ ರಂಗದವರೇ ಇರಬೇಕು. ರಾಣಿಯ ಮಾತಿನುದ್ದಕ್ಕೂ ಪೆನ್ಸಿಲಿನಲ್ಲಿ ಬಾಗಿದ ಸಣ್ಣ ಅಕ್ಷರಗಳು: ಇಲ್ಲಿ ಉಸಿರು, ಇಲ್ಲಿ ನಿಧಾನ. ಸಖಿಯ ಮಾತಿನ ಪಕ್ಕದಲ್ಲಿ, "ಅವಳು ತಾನಾಗಿ ತಿರುಗುವವರೆಗೆ ಕಾಯಿ." ಓದಿ ನನಗೆ ಮೈ ಉರಿಯಿತು. ಕಾಯಲು ನನಗೆ ಹೇಳಿಕೊಡುತ್ತಾರಂತೆ. ಮೊದಲ ನೂರು ಪುಟವನ್ನು ಒಟ್ಟುಮಾಡಿ ದಪ್ಪ ರಬ್ಬರ್ ಬ್ಯಾಂಡ್ ಹಾಕಿಬಿಟ್ಟೆ. ಮತ್ತೆ ಅದರ ಮುಖ ನೋಡಬಾರದೆಂದೇ ಹಾಕಿದೆ.

ಆಮೇಲೆ ನಾನು ಮಾಡಿದ ತಪ್ಪನ್ನು ನಿನ್ನೆ ಮೊನ್ನೆ ರಂಗಕ್ಕೆ ಬಂದ ಹುಡುಗಿಯೂ ಮಾಡುವುದಿಲ್ಲ. ಹೊಸ ಪಾತ್ರ ಬಾಯಿಗೆ ಕೂರುವವರೆಗೆ ಹಳೇ ನಾಟಕದ ಹಾಳೆ ಮುಟ್ಟಿಸಬಾರದು ಎಂಬುದು ನಮ್ಮಲ್ಲಿ ಒಂದನೇ ಪಾಠ. ತಂಡದವರಿಗೆಲ್ಲ ನಾಟಕದ ಟೈಪು ಮಾಡಿದ ಪ್ರತಿ ಕೊಟ್ಟಿದ್ದರು. ಅದರ ಅಕ್ಷರ ಇರುವೆಯಷ್ಟು, ಅಕ್ಕನ ಕಣ್ಣಿಗೆ ಹಿಡಿಯಲಿಲ್ಲ. ಪುಸ್ತಕದ ಅಕ್ಷರ ದೊಡ್ಡದು. ಮನೆಯಲ್ಲಿ ಓದಿಕೊಳ್ಳಲಿ ಎಂದು ಇಡೀ ಪುಸ್ತಕವನ್ನೇ ಅವಳ ಕೈಗಿಟ್ಟೆ.

ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದೆ. ಒಳಗಿನ ಕೋಣೆಯಿಂದ ರಾಣಿಯ ಧ್ವನಿ ಬಂತು. ರಬ್ಬರ್ ಬ್ಯಾಂಡ್ ತೆಗೆದು ಅಕ್ಕ ಆ ಮಾತು ಹೇಳುತ್ತಿದ್ದಳು, ಪುಸ್ತಕ ಮಂಚದ ಮೇಲೆ, ಕಣ್ಣು ಗೋಡೆಯ ಮೇಲೆ. ಎರಡು ಪುಟ, ಒಂದಕ್ಷರ ತಪ್ಪಿಲ್ಲ. ಬೆಳಿಗ್ಗೆ ತಿಂದದ್ದು ನೆನಪಿಲ್ಲದವಳ ನಾಲಿಗೆಯ ಮೇಲೆ ಮೂವತ್ತೊಂಬತ್ತು ವರ್ಷದ ಹಿಂದಿನ ಮಾತು ನಿಂತಿತ್ತು. ಓಡಿಹೋಗಿ ಪುಸ್ತಕ ಕಿತ್ತುಕೊಳ್ಳಬೇಕಿತ್ತು. ಕಿತ್ತುಕೊಳ್ಳಲಿಲ್ಲ. ಸೋಪು ಮೆತ್ತಿದ ಕೈಯಲ್ಲೇ ಬಾಗಿಲಿಗೊರಗಿ ಕೇಳಿದೆ, ಅಷ್ಟು ಹೊತ್ತು ನನ್ನ ಅಕ್ಕ ಚೆನ್ನಾಗಿದ್ದಳು. ಆಮೇಲೆ ದಿನಾ ಮಧ್ಯಾಹ್ನ ಅದೇ ನಡೆಯಿತು, ನಾನು ದಿನಾ ಕೇಳಿದೆ, ಸಂಜೆ ಮತ್ತೆ ಬ್ಯಾಂಡ್ ಹಾಕಿಟ್ಟೆ.

ಮೊದಲ ಮೂರು ಪ್ರದರ್ಶನ ಹೇಗೋ ದಾಟಿದವು. ಮೊದಲನೆಯದಕ್ಕೆ ಹನ್ನೊಂದು ಸಲ ಮಾತು ಕೊಟ್ಟೆ, ಎರಡನೆಯದಕ್ಕೆ ಹದಿನಾಲ್ಕು, ಮೂರನೆಯದಕ್ಕೆ ಹತ್ತೊಂಬತ್ತು. ಪ್ರಾಂಪ್ಟು ಮಾಡುವಾಗ ಗಂಟಲು ಬಳಸಬಾರದು, ಬರೀ ತುಟಿ, ಬರೀ ಉಸಿರು. ಪುಟ್ಟಿ ಎರಡು ಮಾರು ದೂರದಲ್ಲಿ ನಿಂತಿದ್ದೂ ಅವಳಿಗೆ ಕೇಳಿಸಲಿಲ್ಲ. ಅಕ್ಕನ ಹೆಬ್ಬೆರಳು ಉಂಗುರ ಮುಟ್ಟುವುದು, ನನ್ನ ತುಟಿ ಆಡುವುದು, ಅವಳ ಮಾತು ಹೊರಡುವುದು. ಮನೆಗೆ ಬಂದರೆ ನನ್ನ ಕತ್ತು ಮರದ ಕೊರಡಿನಂತೆ ಸೆಟೆದಿರುತ್ತಿತ್ತು.

ಮೂರನೆಯದು ಮುಗಿದ ಮೇಲೆ ಸ್ಟಾಪ್‌ವಾಚು ನನ್ನ ಸ್ಟೂಲಿನ ಹತ್ತಿರ ಬಂದು ನಿಂತ.

"ಅಮ್ಮ, ನಿಮ್ಮ ಅಕ್ಕ ಕೊನೇ ಅಂಕದಲ್ಲಿ ಐವತ್ತು ಸೆಕೆಂಡ್ ಜಾಸ್ತಿ ತಗೊಂಡ್ರು."

"ಅದು ನಟನೆ ಸಾರ್. ನಿಮ್ಮ ಗಡಿಯಾರಕ್ಕೆ ಅದು ಗೊತ್ತಾಗಲ್ಲ. ಮರೆತಿದ್ರೆ ನಾನು ಸುಮ್ನೆ ಇರ್ತಿದ್ನಾ?"

"ನಾನು ಮರೆತ್ರು ಅಂತ ಹೇಳಲೇ ಇಲ್ವಲ್ಲ," ಎಂದ ಅವನು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನೇ. ಅವನು ನನ್ನನ್ನೇ ಒಂದು ಗಳಿಗೆ ನೋಡಿ, "ಕೊನೇ ಪ್ರದರ್ಶನದಲ್ಲಿ ಏನಾದ್ರೂ ಎಡವಟ್ಟಾದ್ರೆ ಪರದೆ ಇಳಿಸಿಬಿಡ್ತೀನಿ. ಅವರ ಮರ್ಯಾದೆ ಉಳೀಬೇಕು," ಎಂದು ಹೋದ. ಕೆಟ್ಟವನಲ್ಲ ಅವನು. ಆದರೆ ನಾಟಕದ ನಡುವೆ ಪರದೆ ಬಿದ್ದರೆ ಯಾರ ಮರ್ಯಾದೆ ಉಳಿಯುತ್ತದೆ? ಮಾರನೇ ದಿನ ಊರೆಲ್ಲ ಕಾರಣ ಕೇಳುತ್ತದೆ, ಎಲ್ಲರಿಗಿಂತ ಮೊದಲು ಪುಟ್ಟಿ ಕೇಳುತ್ತಾಳೆ.

ನಾಲ್ಕನೆಯದು ಭಾನುವಾರ, ಸಂಜೆ ನಾಲ್ಕಕ್ಕೆ. ಎರಡೂವರೆಗೇ ಬಣ್ಣದ ಕೋಣೆಯಲ್ಲಿದ್ದೆವು. ಅಕ್ಕ ಕನ್ನಡಿಯ ಮುಂದೆ ಕೂತು ನನ್ನನ್ನು ಹತ್ತಿರ ಕರೆದಳು.

"ಇವತ್ತು ಯಾವುದೇ?"

"ಅಡುಗೆಮನೇದು ಅಕ್ಕ. ಕೊನೇ ಪ್ರದರ್ಶನ."

"ಗೊತ್ತು ಕಣೇ, ನಿನಗೆ ನೆನಪಿದೆಯಾ ಅಂತ ನೋಡ್ದೆ," ಎಂದಳು. ಹತ್ತು ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳಿದಳು.

ಅಷ್ಟರಲ್ಲಿ ಪುಟ್ಟಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಜಡೆ ಬಿಚ್ಚತೊಡಗಿದಳು. "ಅಮ್ಮ, ಈ ಸಲ ನೀನು ಮಾಡ್ತಿರೋದು ನೋಡಿದ್ರೆ ನಂಗೇ ಭಯ ಆಗತ್ತೆ. ಕೊನೇ ಅಂಕದಲ್ಲಿ ನನ್ನ ಮುಖ ನೋಡ್ತೀಯಲ್ಲ, ನಿಜವಾಗ್ಲೂ ಯಾರೋ ಗುರುತೇ ಇಲ್ಲದವರನ್ನ ನೋಡಿದ ಹಾಗೆ ಇರತ್ತೆ. ಅದು ಹೇಗೆ ಮಾಡ್ತೀಯ? ನಂಗೂ ಹೇಳ್ಕೊಡು."

ಅಕ್ಕ ಕನ್ನಡಿಯಲ್ಲಿ ನನ್ನ ಕಡೆ ನೋಡಿದಳು. ನಾನು ಟಾರ್ಚಿನ ಸೆಲ್ಲು ತೆಗೆದು ಮತ್ತೆ ಹಾಕಿದೆ.

ಮೊದಲ ಎರಡು ಅಂಕ ಮುಗಿಯುವಷ್ಟರಲ್ಲಿ ಇಪ್ಪತ್ತೆರಡು ಸಲ ಮಾತು ಕೊಟ್ಟಿದ್ದೆ. ನನ್ನ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಇನ್ನು ಇಪ್ಪತ್ತೈದು ನಿಮಿಷ, ಒಂದು ಅಂಕ, ಹದಿನೆಂಟು ಪುಟ. ಮೇಜಿನ ಮೇಲೆ ಎರಡು ತಟ್ಟೆ. ಅಕ್ಕ ಒಂದರ ಮುಂದೆ ಕೂತಿದ್ದಾಳೆ. ಪುಟ್ಟಿ ಎದ್ದುಹೋಗಿ ಹಿಂದಿನ ಬಾಗಿಲನ್ನು ಗೇಣಷ್ಟು ತೆರೆದು ಇಣುಕಿ, ತಿರುಗಿ ಹೇಳಬೇಕು. ಹೇಳಿದಳು:

"ಬಾಗಿಲಲ್ಲಿ ಯಾರೋ ನಿಂತಿದ್ದಾರೆ."

ಅದಕ್ಕೆ ಅಕ್ಕನ ಉತ್ತರ: "ಯಾರಾದ್ರೂ ಇರಲಿ. ಮೊದಲು ಊಟ ಮುಗಿಸು."

ಅಕ್ಕ ಮಾತಾಡಲಿಲ್ಲ. ನಾನು ಅವಳ ಎಡಗೈ ನೋಡಿದೆ. ಹೆಬ್ಬೆರಳು ಅಲುಗಲಿಲ್ಲ. ಹಾಗಾದರೆ ಇದು ಅವಳದೇ ಮೌನ ಎಂದುಕೊಂಡು ನಾನೂ ಸುಮ್ಮನಿದ್ದೆ. ಮೂರು ಎಣಿಸಿದೆ, ಐದು ಎಣಿಸಿದೆ. ಆಗ ಅವಳ ಬೆನ್ನು ನೆಟ್ಟಗಾಯಿತು. ಕುರ್ಚಿಯಿಂದ ಎದ್ದ ರೀತಿಯೇ ಬೇರೆಯಿತ್ತು. ಅಡುಗೆಮನೆಯ ಹೆಂಗಸರು ಹಾಗೆ ಏಳುವುದಿಲ್ಲ.

"ನಿಂತಿರಲಿ! ಹನ್ನೆರಡು ವರ್ಷ ನಾನು ನಿಂತಿದ್ದೇನೆ. ಈ ಹೊಸ್ತಿಲಿನ ಮರ ಸವೆದದ್ದು ಬಂದವರ ಕಾಲಿನಿಂದಲ್ಲ, ಕಾದವಳ ಕಣ್ಣಿನಿಂದ..."

ರಾಣಿಯ ಮಾತು.

ಹೇಗಾಯಿತೆಂದು ಆ ಕ್ಷಣವೇ ಹೊಳೆಯಿತು. ನಟರು ಮಾತನ್ನು ಅರ್ಥದಿಂದ ನೆನಪಿಡುವುದಿಲ್ಲ, ಎದುರಿನವರ ಕೊನೆಯ ಪದದಿಂದ ನೆನಪಿಡುತ್ತಾರೆ. ರಾಣಿಯ ನಾಟಕದಲ್ಲಿ ದ್ವಾರಪಾಲಕ ಬಂದು ಹೇಳುವುದೂ ಇದನ್ನೇ: ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ಒಂದೇ ಮಾತು, ಎರಡು ನಾಟಕ, ಒಂದೇ ಪುಸ್ತಕ. ಮೂರು ಪ್ರದರ್ಶನದಲ್ಲಿ ದಾಟಿದ್ದು ದೇವರ ದಯೆ. ಒಂದು ಸಲ ಆ ಮೊದಲ ನಾಟಕವನ್ನು ಪೂರ್ತಿ ಓದಿದ್ದರೂ ನನಗೆ ಇದು ಕಾಣುತ್ತಿತ್ತು, ಈ ಸಾಲನ್ನು ಬದಲಾಯಿಸಿ ಎಂದು ಹೇಳುತ್ತಿದ್ದೆ. ನೋಡಬಾರದೆಂದು ರಬ್ಬರ್ ಬ್ಯಾಂಡ್ ಹಾಕಿದವಳು ನಾನು. ನನ್ನ ಹಳೇ ಹುಣ್ಣನ್ನು ಕಾಪಾಡಿಕೊಳ್ಳಲು ಹೋಗಿ ಅಕ್ಕನನ್ನು ಬೀದಿಗೆ ತಂದಿದ್ದೆ.

"ಯಾರಾದ್ರೂ ಇರಲಿ," ಎಂದು ಉಸಿರಿದೆ. ಇನ್ನೊಂದು ಸಲ, ಗಂಟಲು ಸೇರಿಸಿ ಉಸಿರಿದೆ. ಅಕ್ಕನಿಗೆ ಕೇಳಿಸಲಿಲ್ಲ. ತಾನು ದಾರಿ ತಪ್ಪಿದ್ದೇನೆ ಎಂದು ಗೊತ್ತಿದ್ದರಲ್ಲವೇ ಕಿವಿ ಕೊಡುವುದು? ಬೆರಳು ಸುಮ್ಮನಿತ್ತು. ಅವಳು ಏನನ್ನೂ ಮರೆತಿರಲಿಲ್ಲ, ಅವಳ ಮಟ್ಟಿಗೆ.

ಪುಟ್ಟಿ ಬಾಗಿಲ ಬಳಿ ನಿಂತಲ್ಲೇ ಇದ್ದಳು. ಮೊದಲು ಅವಳ ಮುಖದಲ್ಲಿ ನಟಿಯ ಗಾಬರಿಯಿತ್ತು, ಸಾಲು ತಪ್ಪಿದಾಗ ಬರುವಂಥದು. ಒಂದು ಹೆಜ್ಜೆ ಮುಂದೆ ಬಂದು, ತಾನೇ ಕಟ್ಟಿ, "ಅಮ್ಮ, ನಾನು. ಬಾ, ಊಟ ಆರುತ್ತೆ," ಎಂದಳು. ಅಕ್ಕ ಅವಳ ಕಡೆ ತಿರುಗಿ ನೋಡಿದಳು.

"ದೂರ ನಿಲ್ಲು. ನೀನು ಯಾರೆಂದು ನನಗೆ ತಿಳಿಯದು. ಈ ಮನೆಯಲ್ಲಿ ನನ್ನವರೆಂಬವರು ಯಾರೂ ಉಳಿದಿಲ್ಲ."

ಅದೂ ರಾಣಿಯ ಮಾತೇ. ಪುಟ್ಟಿಗೆ ಅದು ಗೊತ್ತಿಲ್ಲವಲ್ಲ. ಅವಳ ಮುಖದಿಂದ ನಟಿ ಇಳಿದುಹೋದಳು, ಮಗಳು ಉಳಿದಳು. ಬೆಳಿಗ್ಗೆ ತನಗೆ ಬಾಗಿಲು ತೆಗೆದಾಗ ಅಕ್ಕ ಒಂದು ಕ್ಷಣ ತಡೆದು ತನ್ನ ಹೆಸರು ಹಿಡಿದದ್ದು, ಹೋದ ವಾರ ಮೊಮ್ಮಗನ ಹುಟ್ಟಿದ ದಿನ ತಪ್ಪಿದ್ದು, ಎಲ್ಲವನ್ನೂ ಅವಳು ಅಲ್ಲೇ ನಿಂತು ಕೂಡಿಸುತ್ತಿದ್ದಾಳೆ ಎಂದು ಇಲ್ಲಿಂದಲೇ ಕಾಣುತ್ತಿತ್ತು.

ಎದುರು ಪಕ್ಕದ ಪರದೆಯ ಹತ್ತಿರ ಸ್ಟಾಪ್‌ವಾಚು ಬಂದು ನಿಂತಿದ್ದ. ಪರದೆಯ ಹಗ್ಗ ಹಿಡಿದವನ ಭುಜದ ಮೇಲೆ ಅವನ ಕೈ. ನನ್ನ ಕಡೆ ನೋಡಿ ಹುಬ್ಬೆತ್ತಿದ: ಇಳಿಸಲಾ? ನಾನು ಒಂದು ಬೆರಳೆತ್ತಿದೆ: ಒಂದು ನಿಮಿಷ. ಅವನು ಆಗದೆಂದು ತಲೆ ಅಲ್ಲಾಡಿಸಿದ. ನಾನು ಎರಡೂ ಕೈ ಜೋಡಿಸಿದೆ. ಅವನ ಕೈ ಅಲ್ಲೇ ನಿಂತಿತು.

ರಬ್ಬರ್ ಬ್ಯಾಂಡ್ ಎಳೆದೆ, ಕಿತ್ತು ಬೆರಳಿಗೆ ಬಡಿಯಿತು. ಮೂವತ್ತೊಂಬತ್ತು, ನಲವತ್ತು. ಅಕ್ಕ ನಲವತ್ತನೆಯ ಪುಟದ ನಡುವೆ ಇದ್ದಳು. ಇನ್ನು ಹದಿನಾಲ್ಕು ಸಾಲು. ಆಮೇಲೆ ಏನು? ಆಮೇಲೆ ರಾಣಿ ನಿಲ್ಲುತ್ತಾಳೆ, ಸಖಿ ಬರುತ್ತಾಳೆ. ಸಖಿ ಬರದಿದ್ದರೆ ರಾಣಿ ನಿಂತೇ ಇರುತ್ತಾಳೆ. ಸಖಿ ಹೇಳುವುದು ಗಾಳಿಯ ಮಾತು, ಬಾಗಿಲಿನ ಮಾತು. ನಮ್ಮ ನಾಟಕದಲ್ಲಿ ಮುಂದಿನ ಪುಟದಲ್ಲೇ ತಾಯಿ ಮಗಳಿಗೆ ಹೇಳುವುದೇನು? "ಗಾಳಿ ಬರ್ತಿದೆ. ಬಾಗಿಲು ಹಾಕು ಮಗಳೇ." ಆ ಹೊಸ್ತಿಲು ದಾಟಿಸಿದರೆ ಅಕ್ಕ ಅಡುಗೆಮನೆಗೆ ಬರಬಹುದು. ಆದರೆ ಪರದೆಯ ಹಿಂದಿನ ಪಿಸುಮಾತನ್ನು ರಾಣಿ ಕೇಳುವುದಿಲ್ಲ. ರಾಣಿಗೆ ಬೇಕಾದದ್ದು ಸಖಿ.

ಸ್ಟೂಲಿನಿಂದ ಎದ್ದೆ. ಕಾಲಲ್ಲಿ ಹವಾಯಿ ಚಪ್ಪಲಿ, ಮೈಮೇಲೆ ಮೊಣಕೈ ಹರಿದ ಸ್ವೆಟರು, ಕಿವಿಯ ಮೇಲೆ ಪೆನ್ಸಿಲು. ಚಪ್ಪಲಿ ಅಲ್ಲೇ ಬಿಟ್ಟೆ. ರಂಗಸಜ್ಜಿಕೆಯ ಹಿಂದೆ ಕತ್ತಲಲ್ಲಿ ವೈರುಗಳನ್ನು ತುಳಿದು, ಸೊಂಟ ಹಿಡಿದುಕೊಂಡು, ಆ ಹಿಂದಿನ ಬಾಗಿಲಿಗೆ ಓಡಿದೆ. ಬಾಗಿಲು ಪುಟ್ಟಿ ಬಿಟ್ಟಂತೆ ಗೇಣಷ್ಟು ತೆರೆದಿತ್ತು. ತಳ್ಳಿದೆ.

ಬೆಳಕು ಕಣ್ಣಿಗೆ ರಪ್ಪನೆ ಹೊಡೆಯಿತು. ಮೂವತ್ತೊಂಬತ್ತು ವರ್ಷದಲ್ಲಿ ಅದು ಒಂದು ಚೂರೂ ಕಡಿಮೆಯಾಗಿರಲಿಲ್ಲ. ಕತ್ತಲಲ್ಲಿ ನಾನೂರು ಜನ ಉಸಿರು ಹಿಡಿದಿರುವುದು ಕೇಳಿಸಿತು. ಕೈಯಲ್ಲಿದ್ದ ಪುಸ್ತಕ ನೋಡಿದೆ, ಪುಟ ಬೆಳ್ಳಗೆ ಹೊಳೆಯಿತೇ ಹೊರತು ಅಕ್ಷರ ಕಾಣಲಿಲ್ಲ. ಮಾತು ಏನು? ಮಹಾರಾಣಿ, ಆಮೇಲೆ? ಅದೇ ಒಣ ಬಾಯಿ, ಅದೇ ಮರಗಟ್ಟಿದ ನಾಲಿಗೆ. ಹತ್ತೊಂಬತ್ತು ವರ್ಷದ ಹುಡುಗಿ ಅಲ್ಲೇ ನಿಂತು ನನಗಾಗಿ ಕಾಯುತ್ತಿದ್ದಂತಿತ್ತು.

ಅಕ್ಕ ಕೊನೆಯ ಸಾಲು ಮುಗಿಸಿ ನಿಂತಳು, ಬೆನ್ನು ನನ್ನ ಕಡೆ. ಸಭೆಯಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ಈಗ ಹೇಳಬೇಕು, ಈಗಲೇ, ಎಂದು ಮೈಯೆಲ್ಲ ಹೊಡೆದುಕೊಂಡಿತು. ಆಗ ಆ ಪೆನ್ಸಿಲಿನ ಬಾಗಿದ ಅಕ್ಷರ ನೆನಪಾಯಿತು. ಅವಳು ತಾನಾಗಿ ತಿರುಗುವವರೆಗೆ ಕಾಯಿ. ಅಂದು ನಾನು ಕಾದಿರಲಿಲ್ಲ. ಓಡಿಬಂದು ಅವಳ ಬೆನ್ನಿಗೆ ಬಾಯಿ ತೆರೆದಿದ್ದೆ.

ಕಾದೆ. ಪುಟ್ಟಿ ನನ್ನನ್ನು ನೋಡುತ್ತಿದ್ದಳು. ಎದುರು ಪರದೆಯಲ್ಲಿ ಸ್ಟಾಪ್‌ವಾಚಿನ ಬಿಳಿ ಮುಖ ಕಾಣುತ್ತಿತ್ತು. ಅಕ್ಕನ ಭುಜ ಇಳಿಯಿತು. ಮೆಲ್ಲಗೆ, ಗಾಳಿಗೆ ಕಿಟಕಿ ತಿರುಗುವಂತೆ, ಅವಳು ನನ್ನ ಕಡೆ ತಿರುಗಿದಳು.

"ಮಹಾರಾಣಿ," ಎಂದೆ. ನನ್ನ ಧ್ವನಿ ನನಗೇ ಹೊಸದಾಗಿತ್ತು. "ಕಾದದ್ದು ಸಾಕು. ಗಾಳಿ ಬೀಸುತ್ತಿದೆ, ಬಾಗಿಲು ಮುಚ್ಚಲೇ?"

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬರಿಗಾಲು, ಹರಿದ ಸ್ವೆಟರು, ಪೆನ್ಸಿಲು. ಅವಳ ಕಣ್ಣಿನೊಳಗೆ ಯಾರೋ ದೂರದಿಂದ ನಡೆದು ಬರುವುದು ಕಂಡಿತು. ಆಮೇಲೆ ಯಾವ ಪುಸ್ತಕದಲ್ಲೂ ಇಲ್ಲದ್ದನ್ನು ಹೇಳಿದಳು:

"ಅಂತೂ ಹೇಳಿದ್ಯಲ್ಲೇ!"

ಸಭೆ ಗೊಳ್ಳೆಂದಿತು. ಇದೂ ನಾಟಕದ್ದೇ ಎಂದುಕೊಂಡರು ಅವರು. ಆ ನಗುವಿಗೆ ಅಕ್ಕ ಬೆಚ್ಚಿದಳು. ಮೇಜು ನೋಡಿದಳು, ತಟ್ಟೆ ನೋಡಿದಳು. ಎಡಗೈಯ ಹೆಬ್ಬೆರಳು ಹೋಗಿ ಉಂಗುರ ತಿರುಗಿಸಿತು. ಆ ಬೆರಳನ್ನು ನೋಡಿ ನನಗೆ ಅಲ್ಲೇ ಅಳು ಬಂತು. ತುಟಿ ಮಾತ್ರ ಆಡಿಸಿದೆ: "ಗಾಳಿ ಬರ್ತಿದೆ."

"ಗಾಳಿ ಬರ್ತಿದೆ," ಎಂದಳು ಅಕ್ಕ, ಅಡುಗೆಮನೆಯ ತಾಯಿಯ ಧ್ವನಿಯಲ್ಲಿ. "ಬಾಗಿಲು ಹಾಕು ಮಗಳೇ."

ನಾನು ಹಿಂದಕ್ಕೆ ಸರಿದೆ. ಪುಟ್ಟಿ ಬಂದು ನನ್ನ ಮುಖದ ಮೇಲೇ ಬಾಗಿಲು ಹಾಕಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಉಳಿದ ಹದಿನೇಳು ಪುಟವನ್ನು ಆ ಬಾಗಿಲ ಬಿರುಕಿನಿಂದಲೇ, ನಿಂತುಕೊಂಡು ಪ್ರಾಂಪ್ಟು ಮಾಡಿದೆ. ಚಪ್ಪಾಳೆ ಬಿದ್ದಾಗ ಅಲ್ಲೇ ವೈರುಗಳ ನಡುವೆ ಕೂತೆ.

ಮೊದಲು ಬಂದದ್ದು ಪುಟ್ಟಿ. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು.

"ಎಷ್ಟು ದಿನದಿಂದ ಚಿಕ್ಕಮ್ಮ?"

"ಡಾಕ್ಟರ್ ಹೇಳಿ ಎರಡು ತಿಂಗಳು."

"ನಂಗೆ ಹೇಳಕ್ಕೆ ನಿನ್ನ ಬಾಯಿಗೆ ಏನಾಗಿತ್ತು? ಊರಿನವರಿಗೆಲ್ಲ ಮಾತು ಕೊಡ್ತೀಯ!"

"ಅವಳೇ ಹೇಳ್ಬೇಕು ಅಂತ ಆಸೆಪಟ್ಟಿದ್ಳು ಪುಟ್ಟಿ. ನಾಲ್ಕೂ ಮುಗಿದ ಮೇಲೆ, ತಾನೇ, ನಿನ್ನನ್ನ ಕೂರಿಸ್ಕೊಂಡು. ನೀನು ಸ್ಟೇಜ್ ಮೇಲೆ ತಿಳ್ಕೋಬಾರ್ದು ಅಂತ ನನ್ನ ಹತ್ರ ಮಾತು ತಗೊಂಡಿದ್ಳು. ನಾನು ಅದನ್ನೂ ಉಳಿಸ್ಕೊಳ್ಳಲಿಲ್ಲ."

ಪುಟ್ಟಿ ನನ್ನ ಸ್ವೆಟರಿನ ಹರಿದ ತೋಳನ್ನು ಹಿಡಿದು ಬಹಳ ಹೊತ್ತು ಅತ್ತಳು. ಸ್ಟಾಪ್‌ವಾಚು ಬಂದು ದೂರದಲ್ಲೇ ನಿಂತ. ಎಷ್ಟು ಜಾಸ್ತಿಯಾಯಿತು ಸಾರ್ ಎಂದು ಕೇಳಿದೆ. "ನಿಲ್ಲಿಸೋದೇ ಮರ್ತುಬಿಟ್ಟೆ ಅಮ್ಮ," ಎಂದ. ಕುತ್ತಿಗೆಯಲ್ಲಿ ಅದು ಇನ್ನೂ ಓಡುತ್ತಲೇ ಇತ್ತು.

ಬಣ್ಣದ ಕೋಣೆಗೆ ಹೋದೆವು. ಅಕ್ಕ ಹತ್ತಿಯಲ್ಲಿ ಹಣೆಯ ಬಣ್ಣ ಒರೆಸಿಕೊಳ್ಳುತ್ತಿದ್ದಳು, ಮುಖ ಅರಳಿತ್ತು. ನನ್ನ ಕಂಕುಳಲ್ಲಿದ್ದ ಪುಸ್ತಕ ನೋಡಿದ್ದೇ ತಡ, ನಕ್ಕಳು.

"ಪುಟ್ಟಿ, ಆ ಪುಸ್ತಕದಲ್ಲಿ ನನ್ನ ರಾಣಿ ನಾಟಕ ಇದೆ, ನೋಡಿದ್ಯಾ? ಅದರಲ್ಲಿ ನಿನ್ನ ಚಿಕ್ಕಮ್ಮಂಗೆ ಒಂದೇ ಒಂದು ಮಾತಿತ್ತು. ಅದನ್ನೂ ನನ್ನ ತಲೆಗೇ ಕಟ್ಟಿದ್ಳು! ಇವತ್ತಿಗೂ ಹೇಳಿಲ್ಲ ನೋಡು. ಅಲ್ವೇನೇ?"

ಪುಟ್ಟಿ ನನ್ನ ಕಡೆ ನೋಡಿದಳು. ಹೇಳಿದೆನಲ್ಲ ಅಕ್ಕ, ಈಗ ತಾನೇ ಹೇಳಿದೆನಲ್ಲ, ನಾನೂರು ಜನರ ಎದುರಿಗೆ ಹೇಳಿದೆನಲ್ಲ ಎಂದು ನನ್ನ ಎದೆ ಬಡಿದುಕೊಂಡಿತು. ಕೇಳಬೇಕಾಗಿದ್ದವಳು ಇವಳೊಬ್ಬಳೇ ಆಗಿದ್ದಳು.

"ಹೌದಕ್ಕ," ಎಂದೆ. "ಹೇಳಲಿಲ್ಲ. ಮರೆತುಹೋಯ್ತು."

"ಪಾಪ," ಎಂದು ನನ್ನ ಕೈ ಸವರಿದಳು. ಆಮೇಲೆ ಹತ್ತಿಯನ್ನು ಕೆಳಗಿಟ್ಟು, ಪಕ್ಕದ ಕುರ್ಚಿಯನ್ನು ಎಳೆದಳು. "ಪುಟ್ಟಿ, ಕೂತ್ಕೋ ಇಲ್ಲಿ. ನಾಲ್ಕೂ ಮುಗೀತು. ನಾನೇ ನಿಂಗೆ ಒಂದು ವಿಷಯ ಹೇಳ್ಬೇಕು ಅಂತ ಇದ್ದೆ. ನಾನೇ ಹೇಳ್ಬೇಕು..."

ನಿಂತುಬಿಟ್ಟಳು. ಕನ್ನಡಿ ನೋಡಿದಳು, ಮಗಳನ್ನು ನೋಡಿದಳು. ಹೆಬ್ಬೆರಳು ಉಂಗುರದ ಮೇಲೆ ಹೋಯಿತು.

ನಾನು ಅವಳ ಕುರ್ಚಿಯ ಹಿಂದೆ ನಿಂತು, ಬಗ್ಗಿ, ಬರೀ ತುಟಿಯಲ್ಲಿ ಹೇಳಿದೆ: "ಎರಡು ತಿಂಗಳ ಹಿಂದೆ."

"ಎರಡು ತಿಂಗಳ ಹಿಂದೆ," ಎಂದಳು ಅಕ್ಕ, "ಡಾಕ್ಟರ್ ಹತ್ರ ಹೋಗಿದ್ವಿ ಮಗಳೇ."

ಪುಟ್ಟಿ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. "ಹೌದಾ ಅಮ್ಮ?" ಎಂದಳು, ಏನೂ ತಿಳಿಯದವಳ ಹಾಗೆ. "ಯಾಕೆ, ಏನಾಯ್ತು?"